ಹಿಮದ ಮೇಲೆ ಚಿಕ್ಕ ಚಲಚ್ಚಿತ್ರ ಯಂತ್ರ

(ಮಂಗಳವೇಢೆಯ ಸ್ನೇಹಸಮ್ಮೇಳನದಲ್ಲಿ ಮಾಡಿದ ಭಾಷಣ)



ಮಂಗಳವೇಢೆಯಲ್ಲಿ ನಿಂತು ಹಿಮದ ಮಾತನ್ನಾಡುವುದು ವಿಚಿತ್ರವೆಂದು ತಮಗೆ ತೋರಿದರೆ ಅದರಲ್ಲಿ ತಪ್ಪೇನೂ ಇಲ್ಲ. ಇದು ಎರೆಭೂಮಿಯ ನಾಡು, ಹಿಂಗಾರಿ ಜೋಳದ ನಾಡು. ವೈಶಾಖದಲ್ಲಿ ಇಲ್ಲಿಯ ನೆಲ ಬಿರಿದು ಬಾಯಿ ತೆರೆಯುತ್ತದೆ. ಆ ಬಿರುಕಿನಲ್ಲಿ ಕೈ ಇಳಿಸಿ ಆಳ ನೋಡಿದ ಹುಡುಗರು ಈ ಸಭೆಯಲ್ಲಿಯೇ ಇದ್ದಾರೆ. ಇಂಥಲ್ಲಿ ಹಿಮವೆಂಬುದು ಪುಸ್ತಕದ ಶಬ್ದ. ನಮ್ಮ ಆಡುಮಾತಿನಲ್ಲಂತೂ ಅದಕ್ಕೆ ಸ್ವಂತದ ಹೆಸರೇ ಇಲ್ಲವೆನ್ನಬೇಕು. ಮಂಜು ಎಂದರೆ ಬೆಳಗಿನ ಮುಸುಕು, ಇಬ್ಬನಿ ಎಂದರೆ ಹುಲ್ಲಿನ ಮೇಲಿನ ಹನಿ, ಆಣೆಕಲ್ಲು ಎಂದರೆ ಬೆಳೆಯ ಶತ್ರು. 2014ರ ಫೆಬ್ರುವರಿ–ಮಾರ್ಚ್ ತಿಂಗಳುಗಳಲ್ಲಿ ಮಹಾರಾಷ್ಟ್ರದ ಅನೇಕ ಜಿಲ್ಲೆಗಳ ಮೇಲೆ ಆಣೆಕಲ್ಲು ಸುರಿದು ದ್ರಾಕ್ಷಿ, ದಾಳಿಂಬೆ, ಜೋಳಗಳನ್ನು ಹಾಳುಮಾಡಿದಾಗ ನೆಲ ಕ್ಷಣಕಾಲ ಬೆಳ್ಳಗಾಗಿತ್ತು. ನಮ್ಮ ಪ್ರಾಂತದವರು ಕಂಡ ಬಿಳಿಯ ನೆಲವೆಂದರೆ ಅಷ್ಟೆ, ಅದನ್ನು ನೆನೆಯುವಾಗಲೂ ಯಾರ ಮುಖದಲ್ಲಿಯೂ ಸಂತೋಷ ಕಾಣುವುದಿಲ್ಲ.

ಆದರೂ ಹಿಮಕ್ಕೂ ಕನ್ನಡಿಗರಿಗೂ ಸಂಬಂಧವಿಲ್ಲವೆಂದು ಯಾರೂ ತಿಳಿಯಬಾರದು. 1948ರ ನವೆಂಬರ್ ಮೊದಲ ದಿನ ಜೋಜಿಲಾ ಕಣಿವೆಯ ಹಿಮದಲ್ಲಿ, ಹನ್ನೊಂದು ಸಾವಿರ ಅಡಿಗೂ ಮೇಲೆ, ಟ್ಯಾಂಕುಗಳನ್ನು ಹತ್ತಿಸಿ ಶತ್ರುವನ್ನು ಬೆರಗುಗೊಳಿಸಿದ ಸೇನಾಭಾಗದ ನಾಯಕರು ಕೊಡಗಿನ ತಿಮ್ಮಯ್ಯನವರು. ಧಾರವಾಡ ಜಿಲ್ಲೆಯ ಕುಂದಗೋಳ ತಾಲೂಕಿನ ಬೆಟದೂರಿನ ಲಾನ್ಸ್ ನಾಯಕ ಹನುಮಂತಪ್ಪ ಕೊಪ್ಪದರು 2016ರ ಫೆಬ್ರುವರಿ 3ರಂದು ಸಿಯಾಚಿನ್ನಿನ ಹಿಮಕುಸಿತದಲ್ಲಿ ಒಂಬತ್ತು ಜನ ಸಂಗಡಿಗರೊಡನೆ ಹೂತುಹೋಗಿ, ಆರನೆಯ ದಿನ ಇನ್ನೂ ಉಸಿರಾಡುತ್ತಿರುವಾಗ ಹೊರತೆಗೆಯಲ್ಪಟ್ಟು, 11ರಂದು ದಿಲ್ಲಿಯಲ್ಲಿ ತೀರಿಕೊಂಡರು. ಬೆಟದೂರು ನಮ್ಮೂರಿನಂಥದೇ ಎರೆನೆಲದ ಊರು. ಅಲ್ಲಿಯ ತಾಯಂದಿರಿಗೂ ಹಿಮವೆಂಬುದು ಪುಸ್ತಕದ ಶಬ್ದವೇ ಆಗಿತ್ತು. ನಮ್ಮ ಗಡಿನಾಡಿನ ಊರುಗಳಿಂದಲೂ ಸೈನ್ಯಕ್ಕೆ ಸೇರಿದ ಮಕ್ಕಳುಂಟು. ಅವರು ರಜೆಯಲ್ಲಿ ಬಂದಾಗ ಅಲ್ಲಿಯ ಚಳಿಯನ್ನು ವರ್ಣಿಸಲು ಹೋಗಿ ಅರ್ಧಕ್ಕೆ ನಿಲ್ಲಿಸಿಬಿಡುತ್ತಾರೆ. ಕಾಣದವರಿಗೆ ಹೇಳುವುದು ಹೇಗೆ? ತೋರಿಸಬೇಕು. ಈ ತೋರಿಸುವ ಕೆಲಸವನ್ನು, ಅದರಲ್ಲಿಯೂ ಹಿಮದ ಮೇಲೆ ಓಡುವ, ಜಾರುವ, ಹತ್ತುವ, ಬೀಳುವ ಮನುಷ್ಯನನ್ನು ತೋರಿಸುವ ಕೆಲಸವನ್ನು ಚಾವಿ ಕೊಟ್ಟು ನಡೆಸುವ ಪುಟ್ಟ ಯಂತ್ರಗಳು ಹೇಗೆ ನಿರ್ವಹಿಸಿದವೆಂಬುದೇ ಈ ಹೊತ್ತಿನ ನಮ್ಮ ವಿಷಯ.

ಮೊದಲು ಯಂತ್ರದ ಪರಿಚಯ. ಚಿತ್ರಮಂದಿರದ ಫಿಲ್ಮು 35 ಮಿಲಿಮೀಟರ್ ಅಗಲದ್ದು. ಅದರ ಯಂತ್ರ ಭಾರವಾದುದು, ಖರ್ಚು ಶ್ರೀಮಂತರದು. 1923ರಲ್ಲಿ ಕೊಡಾಕ್ ಕಂಪನಿಯವರು 16 ಮಿಲಿಮೀಟರ್ ಅಗಲದ ಫಿಲ್ಮನ್ನು ತಂದರು. 1932ರಲ್ಲಿ ಅದನ್ನೇ ನಡುವೆ ಸೀಳಿ ಬಳಸುವ 8 ಮಿಲಿಮೀಟರ್ ಬಂದಿತು. 25 ಅಡಿಯ ಸುರುಳಿಯನ್ನು ಒಂದು ಸಲ ಓಡಿಸಿ, ಮಗುಚಿ ಹಾಕಿ, ಇನ್ನೊಂದು ಅಂಚಿನ ಮೇಲೆ ಮತ್ತೊಮ್ಮೆ ಓಡಿಸುವುದು. ತೊಳೆದ ಮೇಲೆ ಸೀಳಿ ಜೋಡಿಸಿದರೆ 50 ಅಡಿಯಾಗುತ್ತದೆ. 1965ರಲ್ಲಿ ಬಂದ ಸೂಪರ್ 8 ಎಂಬುದಕ್ಕೆ ಈ ಮಗುಚುವ ತಾಪತ್ರಯವಿಲ್ಲ, ಡಬ್ಬಿಯನ್ನು ಒಳಗೆ ಸೇರಿಸಿದರೆ ಮುಗಿಯಿತು. ಸ್ವಿಟ್ಜರ್ಲೆಂಡಿನ ಬೋಲೆಕ್ಸ್, ಅಮೆರಿಕದ ಬೆಲ್ ಅಂಡ್ ಹಾವೆಲ್ ಮೊದಲಾದ ಯಂತ್ರಗಳಿಗೆ ವಿದ್ಯುತ್ತು ಬೇಡ. ಗಡಿಯಾರಕ್ಕೆ ಕೊಟ್ಟಂತೆ ಚಾವಿ ಕೊಟ್ಟರೆ ಒಳಗಿನ ಸ್ಪ್ರಿಂಗು ಬಿಚ್ಚುತ್ತ ಫಿಲ್ಮನ್ನು ಎಳೆಯುತ್ತದೆ. ಹಿಮಪ್ರದೇಶದಲ್ಲಿ ಇದು ದೊಡ್ಡ ಗುಣ. ಕಡುಚಳಿಯಲ್ಲಿ ಬ್ಯಾಟರಿಯ ಶಕ್ತಿ ಕುಂದಿಹೋಗುತ್ತದೆಂಬುದನ್ನು ಕಾಶ್ಮೀರಕ್ಕೆ ಮೊಬೈಲು ಒಯ್ದವರೆಲ್ಲ ಬಲ್ಲರು. ಸ್ಪ್ರಿಂಗಿಗೆ ಆ ಭಯವಿಲ್ಲ, ಅದರ ಭಯ ಬೇರೆ. ಅದನ್ನು ಮುಂದೆ ಹೇಳುತ್ತೇವೆ.

ಈಗ ಸ್ವಲ್ಪ ಲೆಕ್ಕ. ಗಣಿತದ ಗುರುಗಳು ಮುಂದಿನ ಸಾಲಿನಲ್ಲಿಯೇ ಕುಳಿತಿರುವುದರಿಂದ ಎಚ್ಚರಿಕೆಯಿಂದ ಮಾಡುತ್ತೇವೆ. 16 ಮಿಲಿಮೀಟರ್ ಫಿಲ್ಮಿನ ಒಂದು ಅಡಿಯಲ್ಲಿ 40 ಚಿತ್ರಗಳು. ನೂರಡಿಯ ಸುರುಳಿಯಲ್ಲಿ 4000. ಸೆಕೆಂಡಿಗೆ 24ರಂತೆ ಓಡಿದರೆ ಎರಡು ನಿಮಿಷ 47 ಸೆಕೆಂಡಿಗೆ ಸುರುಳಿ ಖಾಲಿ. ಬೋಲೆಕ್ಸಿನ ಒಂದು ಪೂರ್ಣ ಚಾವಿಗೆ ಸುಮಾರು ಹದಿನಾರೂವರೆ ಅಡಿ ಓಡುತ್ತದೆ, ಎಂದರೆ 27–28 ಸೆಕೆಂಡು. ಅಷ್ಟರಲ್ಲಿ ಮಾಡಬೇಕಾದುದನ್ನು ಮಾಡಿ ಮುಗಿಸಬೇಕು. ವೇಗವನ್ನು ಸೆಕೆಂಡಿಗೆ 64ಕ್ಕೆ ಏರಿಸಿ ತೆಗೆದು 24ರಲ್ಲಿ ತೋರಿಸಿದರೆ ಕ್ರಿಯೆ ಎರಡೂವರೆ ಪಟ್ಟಿಗೂ ಮಿಗಿಲಾಗಿ ನಿಧಾನವಾಗುತ್ತದೆ. ಹಿಮದ ದಿಬ್ಬದಿಂದ ಹಾರಿದವನು ಆಕಾಶದಲ್ಲಿ ತೇಲಿದಂತೆ ಕಾಣುವುದು ಹೀಗೆ. ಆದರೆ ಆಗ ಚಾವಿ ಹತ್ತೇ ಸೆಕೆಂಡಿಗೆ ಮುಗಿಯುತ್ತದೆ, ಇಡೀ ಸುರುಳಿ ಒಂದು ನಿಮಿಷಕ್ಕೆ. ಕೈಯಲ್ಲಿಯ ಮೊಬೈಲಿನಲ್ಲಿ ಗಂಟೆಗಟ್ಟಲೆ ತುಂಬಿ, ಬೇಡವಾದುದನ್ನು ಅಳಿಸಿಹಾಕುವ ನಮ್ಮ ಮಕ್ಕಳಿಗೆ ಈ ಹತ್ತು ಸೆಕೆಂಡಿನ ಬೆಲೆ ತಿಳಿಯುವುದು ಕಷ್ಟ. ಬರಗಾಲದಲ್ಲಿ ನೀರನ್ನು ಕೊಡದಿಂದಲ್ಲ, ತಂಬಿಗೆಯಿಂದ ಲೆಕ್ಕ ಹಾಕಿದ ಅವರ ಅಜ್ಜಿಯರಿಗೆ ಹೇಳಿದರೆ ಒಂದೇ ಮಾತಿಗೆ ತಿಳಿದೀತು.

ಹಿಮಕ್ರೀಡೆಯನ್ನು ಚಿತ್ರಿಸುವ ಕಲೆಯನ್ನು ಬೆಳೆಸಿದವರಲ್ಲಿ ಜರ್ಮನಿಯ ಅರ್ನಾಲ್ಡ್ ಫಾಂಕ್ ಮೊದಲಿಗರಲ್ಲೊಬ್ಬರು. ಅವರು ಭೂಗರ್ಭಶಾಸ್ತ್ರದ ಪಂಡಿತರು. 1920ರ ಸುಮಾರಿಗೆ ಹಿಮಪಾದುಕೆಯ ಚಮತ್ಕಾರವನ್ನು ತೋರಿಸುವ ಚಿತ್ರ ತೆಗೆದಾಗ ವೇಗದ ಯಂತ್ರವನ್ನು ಬಳಸಿ ಜಾರುವವನ ಮೊಣಕಾಲಿನ ಬಾಗು, ಸೊಂಟದ ತಿರುವುಗಳನ್ನು ನಿಧಾನವಾಗಿ ಬಿಡಿಸಿ ತೋರಿಸಿದರು. ಇದೆಲ್ಲ ದೊಡ್ಡ ಫಿಲ್ಮಿನ ಕೆಲಸ. ಚಿಕ್ಕ ಫಿಲ್ಮನ್ನು ಹೆಗಲಿಗೇರಿಸಿಕೊಂಡು ಹೋದವರಲ್ಲಿ ಅಮೆರಿಕದ ವಾರನ್ ಮಿಲ್ಲರ್ ಎಂಬವರ ಕಥೆ ನಮ್ಮ ಜನಕ್ಕೆ ಹಿಡಿಸುವಂಥದು. ಎರಡನೆಯ ಮಹಾಯುದ್ಧದ ತರುವಾಯ ಕೈಯಲ್ಲಿ ಕಾಸಿಲ್ಲದೆ, ಹಿಮಗುಡ್ಡದ ಬುಡದಲ್ಲಿ ವಾಹನವೊಂದರಲ್ಲಿಯೇ ವಾಸಮಾಡುತ್ತ, 8 ಮಿಲಿಮೀಟರ್ ಯಂತ್ರದಿಂದ ಜಾರುವವರನ್ನು ಚಿತ್ರಿಸಿ, ಮುಂದೆ 16 ಮಿಲಿಮೀಟರ್ ಯಂತ್ರ ದೊರೆತ ಮೇಲೆ 1950ರ ಸುಮಾರಿಗೆ ತಮ್ಮ ಮೊದಲ ಪೂರ್ಣಚಿತ್ರವನ್ನು ಸಿದ್ಧಪಡಿಸಿದರು. ಅದಕ್ಕೆ ಧ್ವನಿ ಹಾಕಿಸಲು ಹಣವಿರಲಿಲ್ಲ. ಊರಿಂದೂರಿಗೆ ಸುರುಳಿಯನ್ನು ಹೊತ್ತು, ಪರದೆಯ ಪಕ್ಕದಲ್ಲಿ ತಾವೇ ನಿಂತು, ಹಾಸ್ಯ ಬೆರೆಸಿ ಕಥೆ ಹೇಳಿದರು. ಪಂಢರಪುರದ ದಾರಿಯಲ್ಲಿ ಕೀರ್ತನ ಕೇಳಿ ಬೆಳೆದ ನಮಗೆ ಇದರಲ್ಲಿ ಹೊಸತೇನೂ ಕಾಣದು: ಹಿಂದೆ ತಾಳದ ಬದಲು ಯಂತ್ರದ ಸದ್ದು, ಅಷ್ಟೆ. ಹೀಗೆ ಅವರು ದಶಕಗಳ ಕಾಲ ನಡೆಸಿ 2018ರಲ್ಲಿ ತೀರಿಕೊಂಡರು.

ಇನ್ನು ಕಸುಬಿನ ಒಳಗಿನ ಮಾತು. ಹಿಮದ ಮೇಲೆ ಚಿತ್ರ ತೆಗೆಯುವವನಿಗೆ ಮೊದಲ ವೈರಿ ಚಳಿಯಲ್ಲ, ಬೆಳಕು. ಇದನ್ನು ತಿಳಿಸಲು ಹಿಮಾಲಯಕ್ಕೆ ಹೋಗಬೇಕಾಗಿಲ್ಲ. ನಮ್ಮ ಖಿಲಾರಿ ಎತ್ತು ಸಾಕು. ನಡು ಮಧ್ಯಾಹ್ನದ ಬಿಸಿಲಿನಲ್ಲಿ, ಸುಣ್ಣ ಬಳಿದ ಗೋಡೆಯ ಮುಂದೆ, ಬಿಳಿಯ ಧೋತರದ ರೈತ ಬಿಳಿಯ ಎತ್ತಿನ ಹಗ್ಗ ಹಿಡಿದು ನಿಂತಿದ್ದಾನೆನ್ನಿ. ಬೆಳಕಿನ ಮಾಪಕವನ್ನು ಆ ಕಡೆ ಹಿಡಿದರೆ ಅದು ಮೋಸಹೋಗುತ್ತದೆ. ಲೋಕದ ಸಕಲ ವಸ್ತುವೂ ನಡುತರದ ಬೂದುಬಣ್ಣದ್ದೆಂದು, ನೂರಕ್ಕೆ ಹದಿನೆಂಟು ಪಾಲು ಬೆಳಕನ್ನು ಮಾತ್ರ ಮರಳಿಸುತ್ತದೆಂದು ಎಣಿಸಿ ಮಾಪಕವನ್ನು ಮಾಡಿದ್ದಾರೆ. ಹೊಸ ಹಿಮ ನೂರಕ್ಕೆ ಎಂಬತ್ತು ತೊಂಬತ್ತು ಪಾಲು ಮರಳಿಸುತ್ತದೆ. ಮಾಪಕ ಹೇಳಿದಂತೆ ಕೇಳಿದರೆ ಹಿಮ ಬೂದಿಯಾಗುತ್ತದೆ, ರೈತನ ಮುಖ ಇದ್ದಲಾಗುತ್ತದೆ. ಮಾಪಕ ಹೇಳುವುದಕ್ಕಿಂತ ಎರಡರಿಂದ ನಾಲ್ಕು ಪಟ್ಟು ಬೆಳಕನ್ನು ಒಳಗೆ ಬಿಡಬೇಕು. ಆದರೆ ತೀರ ಹೆಚ್ಚು ಬಿಟ್ಟರೆ ಹಿಮದ ಮೇಲಣ ಗೆರೆ, ಹೆಜ್ಜೆ, ಗಾಳಿ ಕೊರೆದ ನಿರಿಗೆ ಎಲ್ಲವೂ ಅಳಿಸಿಹೋಗಿ ಬರಿಯ ಬಿಳಿಯ ಬಟ್ಟೆ ಉಳಿಯುತ್ತದೆ. ತೊಳೆದೊಡನೆ ನೇರವಾಗಿ ತೋರಿಸಬಹುದಾದ ರಿವರ್ಸಲ್ ಫಿಲ್ಮಿಗೆ ಈ ವಿಷಯದಲ್ಲಿ ಕ್ಷಮೆಯೆಂಬುದೇ ಇಲ್ಲ.

ಇದಕ್ಕೆ ಹಳಬರು ಕಂಡುಕೊಂಡ ಉಪಾಯ ಸರಳವಾದುದು. ಮಾಪಕವನ್ನು ಹಿಮದತ್ತ ಹಿಡಿಯದೆ ತನ್ನ ಅಂಗೈಗೆ ಹಿಡಿ. ಅಂಗೈ ನಡುಬೂದಿಗಿಂತ ಸುಮಾರು ಇಮ್ಮಡಿ ಬೆಳಕನ್ನು ಮರಳಿಸುವುದರಿಂದ ಒಂದು ಹಂತ ಹೆಚ್ಚು ತೆರೆ. ಮನುಷ್ಯರ ಮೈಬಣ್ಣ ಬೇರೆಬೇರೆಯಾದರೂ ಅಂಗೈಗಳ ಹೊಳಪು ಹೆಚ್ಚುಕಡಿಮೆ ಒಂದೇ. ಛಾಯಾಗ್ರಹಣಶಾಸ್ತ್ರವು ನಮಗೆ ಕಲಿಸಿದ ಸಂಗತಿಗಳಲ್ಲಿ ಇದು ಬಹಳ ಪ್ರಿಯವಾದುದು.

ಒಂದು ವಿನೋದವೂ ಇದೆ. 1935ರಲ್ಲಿ ಬಂದ ಕೊಡಾಕ್ರೋಮ್ ಎಂಬ ಬಣ್ಣದ ಫಿಲ್ಮು ಬಹು ಮಂದಗತಿಯದು. ಅದರ ವೇಗಾಂಕ ದೀರ್ಘಕಾಲ ಹತ್ತರಷ್ಟೇ ಇದ್ದಿತು. ಮನೆಯೊಳಗೆ ಅದರಿಂದ ಚಿತ್ರ ತೆಗೆಯುವುದು ದುಸ್ತರ. ಹಿಮದ ಬಿಸಿಲಿನಲ್ಲಿಯಾದರೋ ಅದು ರಾಜ! ಸೆಕೆಂಡಿನ ಐವತ್ತನೆಯ ಒಂದು ಭಾಗ ಕಣ್ಣು ತೆರೆದರೆ ಮಸೂರದ ಕಿಂಡಿಯನ್ನು ಹತ್ತು–ಹನ್ನೊಂದರ ಅಂಕಕ್ಕೆ ಇಡಬೇಕು. ಇಂದು ಸಿಗುವ ನೂರರ ವೇಗದ ಫಿಲ್ಮನ್ನು ಅದೇ ಹಿಮದ ಮೇಲೆ ಒಯ್ದರೆ ಮೂವತ್ತೆರಡರ ಅಂಕ ಬೇಕಾಗುತ್ತದೆ. ಹಳೆಯ ಮಸೂರಗಳು ಇಪ್ಪತ್ತೆರಡಕ್ಕೆ ನಿಂತುಬಿಡುತ್ತವೆ. ಆದ್ದರಿಂದ ಮುಂದೆ ಬೂದುಗಾಜಿನ ಶೋಧಕವನ್ನು ಹಾಕಿ ಬೆಳಕನ್ನು ತಗ್ಗಿಸಬೇಕು. ಹಳೆಯದು ಮಂದವಾದುದರಿಂದಲೇ ಇಲ್ಲಿ ಹೆಚ್ಚು ಅನುಕೂಲವಾಗಿತ್ತು. ಕೊಡಾಕ್ರೋಮಿನ ತಯಾರಿಕೆ 2009ರಲ್ಲಿ ನಿಂತಿತು, ಮರುವರ್ಷದ ಕೊನೆಗೆ ಅದನ್ನು ತೊಳೆಯುವ ಕೊನೆಯ ಕಾರ್ಖಾನೆಯೂ ಆ ಕೆಲಸವನ್ನು ಕೈಬಿಟ್ಟಿತು. ಇದರ ಮೇಲೆ ಯಾರ ಪೆಟ್ಟಿಗೆಯಲ್ಲಾದರೂ ತೊಳೆಯದ ಕೊಡಾಕ್ರೋಮ್ ಸುರುಳಿ ಉಳಿದಿದ್ದರೆ ಅದರ ಬಣ್ಣಗಳನ್ನು ಮರಳಿ ಪಡೆಯುವ ಆಸೆ ಬೇಡ, ಕಪ್ಪು–ಬಿಳುಪಿನ ನೆರಳು ಮಾತ್ರ ಸಿಕ್ಕೀತು.

ಚಳಿಯ ಮಾತಿಗೆ ಬರೋಣ. ಸ್ಪ್ರಿಂಗಿನ ಭಯ ಬೇರೆ ಎಂದೆವಲ್ಲ, ಅದು ಎಣ್ಣೆ. ಚಕ್ರಗಳಿಗೆ ಹಾಕಿದ ಎಣ್ಣೆ ಕಡುಚಳಿಯಲ್ಲಿ ಬೆಲ್ಲದ ಪಾಕದಂತೆ ಗಟ್ಟಿಯಾಗಿ ಯಂತ್ರ ಮೊದಲು ನಿಧಾನಿಸುತ್ತದೆ, ಆಮೇಲೆ ನಿಲ್ಲುತ್ತದೆ. ಆದ್ದರಿಂದ ಹಿಮಯಾತ್ರೆಗೆ ಹೋಗುವ ಯಂತ್ರವನ್ನು ಬಿಚ್ಚಿ, ಹಳೆಯ ಜಿಡ್ಡನ್ನೆಲ್ಲ ತೊಳೆದು, ಚಳಿಗೆ ಗಟ್ಟಿಯಾಗದ ತೆಳ್ಳನೆಯ ಎಣ್ಣೆಯನ್ನು ಹನಿಯಷ್ಟು ಹಾಕುವ ಪದ್ಧತಿ. ಫಿಲ್ಮೂ ಚಳಿಗೆ ಒಣಗಿದ ತಾಳೆಗರಿಯಂತೆ ಪೆಡಸಾಗಿ, ಮಡಿಚಿದಲ್ಲಿ ಮುರಿಯುತ್ತದೆ. ಒಣಗಾಳಿಯಲ್ಲಿ ಅದನ್ನು ಅವಸರದಿಂದ ಸುತ್ತಿದರೆ ಘರ್ಷಣದಿಂದ ಕಿಡಿ ಹುಟ್ಟಿ, ತೊಳೆದ ಮೇಲೆ ಚಿತ್ರದ ಮೇಲೆ ಎಲೆಯಿಲ್ಲದ ಮರದ ಕೊಂಬೆಗಳಂಥ ಮಿಂಚಿನ ಗೆರೆಗಳು ಕಾಣಿಸಿಕೊಳ್ಳುತ್ತವೆ. ಕೈಗವಸು ಹಾಕಿಕೊಂಡರೆ ಫಿಲ್ಮಿನ ತೂತನ್ನು ಹಲ್ಲಿಗೆ ಸಿಕ್ಕಿಸಲಾಗದು. ತೆಗೆದರೆ ಬೆರಳು ತಣ್ಣನೆಯ ಲೋಹಕ್ಕೆ ಅಂಟಿಕೊಳ್ಳುತ್ತದೆ. ಒಳಗೆ ತೆಳ್ಳನೆಯ ರೇಷ್ಮೆಯದು, ಮೇಲೆ ದಪ್ಪದ ಉಣ್ಣೆಯದು, ಹೀಗೆ ಎರಡು ಕೈಗವಸುಗಳ ಉಪಾಯ ಅದಕ್ಕಾಗಿಯೇ ಹುಟ್ಟಿತು.

ಚಳಿಯಲ್ಲಿದ್ದ ಯಂತ್ರಕ್ಕೆ ನಿಜವಾದ ಗಂಡಾಂತರ ಬಿಸಿಯಲ್ಲಿದೆ. ದಿನವೆಲ್ಲ ಹಿಮದಲ್ಲಿ ಕೆಲಸಮಾಡಿದ ಕ್ಯಾಮೆರಾವನ್ನು ಸಂಜೆ ಒಲೆಯ ಕೋಣೆಗೆ ತಂದೊಡನೆ, ತಣ್ಣೀರಿನ ತಂಬಿಗೆ ಹೊರಮೈಯಲ್ಲಿ ಬೆವರಿದಂತೆ, ಅದರ ಮೈಯೂ ಮಸೂರವೂ ಒಳಗಿನ ಫಿಲ್ಮೂ ಬೆವರುತ್ತವೆ. ಹೊರಗೆ ಇರುವಾಗಲೇ ಗಾಳಿಯಾಡದ ಚೀಲದಲ್ಲಿ ಕಟ್ಟಿ ಒಳಗೆ ತಂದು, ಅದು ಕೋಣೆಯ ಬಿಸಿಗೆ ಬರುವವರೆಗೆ ಚೀಲ ಬಿಚ್ಚಬಾರದು. ಕೆಲವು ವರ್ಷಗಳ ಹಿಂದೆ ನಾವು ಮತ್ತು ನಮ್ಮ ಗೆಳೆಯರು ಮನಾಲಿಯ ಮೇಲಿನ ಸೋಲಂಗ್ ಕಣಿವೆಗೆ ಹಳೆಯ ಬೋಲೆಕ್ಸ್ ಒಯ್ದಾಗ ಉಳಿದುಕೊಂಡ ಮನೆಯ ಮುದುಕಿ, ಚೀಲದಲ್ಲಿ ಕಟ್ಟಿ ಮೂಲೆಯಲ್ಲಿಟ್ಟ ಆ ಯಂತ್ರವನ್ನು ಕಂಡು, ಅದಕ್ಕೆ ಜ್ವರ ಬಂದಿದೆಯೇ ಎಂದು ಕೇಳಿದಳು.

ಆ ಕಣಿವೆಯಲ್ಲಿ ಜಾರುವುದನ್ನು ಕಲಿಯುವ ತರುಣರನ್ನು ಚಿತ್ರಿಸುತ್ತ ನಾವು ಕಂಡದ್ದು, ಹಿಂದಿನವರು ಹೇಳಿದುದರ ಸತ್ಯವನ್ನೇ. ಕಣ್ಣಿಗೆ ಎದೆ ನಡುಗಿಸುವ ಇಳಿಜಾರು ಪರದೆಯ ಮೇಲೆ ಚಪ್ಪಟೆಯಾಗಿಬಿಡುತ್ತದೆ. ಚೌಕಟ್ಟಿನಲ್ಲಿ ಎಲ್ಲಾದರೂ ನೆಟ್ಟಗೆ ನಿಂತ ದೇವದಾರು ಮರವೊಂದು ಬಂದರೆ ಮಾತ್ರ ನೋಡುವವನಿಗೆ ನೆಲದ ಓಟ ತಿಳಿಯುತ್ತದೆ. ಮೋಡ ಮುಚ್ಚಿದ ದಿನ ಹಿಮದಲ್ಲಿ ನೆರಳಿಲ್ಲ, ನೆರಳಿಲ್ಲದಿದ್ದರೆ ಹಳ್ಳವೂ ಇಲ್ಲ ದಿಣ್ಣೆಯೂ ಇಲ್ಲ. ಅಂದು ಯಂತ್ರವನ್ನು ಚೀಲದಲ್ಲಿಡುವುದೇ ಲೇಸು. ಬೆಳಗು ಬೈಗುಗಳ ಅಡ್ಡಬಿಸಿಲಿನಲ್ಲಿ, ಸೂರ್ಯನನ್ನು ಕೊಂಚ ಎದುರಿಗೇ ಇಟ್ಟುಕೊಂಡು, ಮಸೂರಕ್ಕೆ ನೆರಳು ಮಾಡಿಕೊಂಡು ತೆಗೆದರೆ, ತಿರುವಿನಲ್ಲಿ ಚಿಮ್ಮುವ ಹಿಮದ ಪುಡಿ ಕಣದಲ್ಲಿ ಜೋಳ ತೂರುವಾಗ ಹಾರುವ ಹೊಟ್ಟಿನಂತೆ ಬೆಳಗುತ್ತದೆ. ಮೂರುಕಾಲಿನ ಪೀಠ ಹಿಮದಲ್ಲಿ ಮೆಲ್ಲಮೆಲ್ಲನೆ ಮುಳುಗುತ್ತದೆ, ಅದರ ಕಾಲಡಿಗೆ ಹಲಗೆ ಬೇಕು. ಜಾರುವವನನ್ನು ಯಂತ್ರದಿಂದ ಅಟ್ಟಿಸಿಕೊಂಡು ಹೋಗುವುದಕ್ಕಿಂತ ಅವನು ಎಲ್ಲಿ ತಿರುಗುವನೆಂದು ಮೊದಲೇ ಕೇಳಿಕೊಂಡು ಅಲ್ಲಿ ಕಾದು ನಿಲ್ಲುವುದು ಮೇಲು. ಕಿಂಡಿ ಹನ್ನೊಂದಕ್ಕಿದ್ದು ಮಸೂರ 25 ಮಿಲಿಮೀಟರಿನದಾಗಿದ್ದರೆ, ದೂರವನ್ನು ಹತ್ತಡಿಗೆ ಇಟ್ಟು ಮರೆತುಬಿಡಬಹುದು, ಐದಡಿಯಾಚೆಗಿನದೆಲ್ಲ ಸ್ಪಷ್ಟವಾಗಿಯೇ ಬರುತ್ತದೆ. ಚಿಕ್ಕ ಫಿಲ್ಮಿನ ಈ ವರವನ್ನು ದೊಡ್ಡ ಫಿಲ್ಮಿನವರು ಅಸೂಯೆಯಿಂದ ನೋಡಿದರೆ ಆಶ್ಚರ್ಯವಿಲ್ಲ. ನಮ್ಮ ಕಡೆ ಎತ್ತಿನ ಬಂಡಿಯ ಶರ್ಯತ್ತನ್ನು ಚಿತ್ರಿಸುವವರಿಗೂ ಇದೇ ಬುದ್ಧಿ ಸಲ್ಲುತ್ತದೆ, ಹಿಮದ ಬದಲು ಧೂಳು.

ಇಷ್ಟೆಲ್ಲ ಕಷ್ಟಪಟ್ಟು ಚಿಕ್ಕ ಫಿಲ್ಮು ಸಾಧಿಸಿದ ದೊಡ್ಡ ಕಾರ್ಯವೊಂದನ್ನು ಹೇಳಲೇಬೇಕು. 1953ರ ಎವರೆಸ್ಟ್ ಯಾತ್ರೆಯೊಡನೆ ಟಾಮ್ ಸ್ಟೋಬಾರ್ಟ್ ಎಂಬ ಛಾಯಾಗ್ರಾಹಕರು ಹೋದರು. ಅವರು ಬಳಸಿದ್ದು 16 ಮಿಲಿಮೀಟರಿನ ಕೊಡಾಕ್ರೋಮ್. ಹಿಮನದಿಯ ಬಿರುಕುಗಳ ಮೇಲೆ ಏಣಿಯಿಟ್ಟು ಹೊರೆ ಹೊತ್ತು ದಾಟುವ ಶೆರ್ಪಾಗಳನ್ನು ಆ ಪುಟ್ಟ ಚೌಕಗಳಲ್ಲಿ, ಬೆರಳ ಉಗುರಿನಷ್ಟು ಅಗಲದ ಚೌಕಗಳಲ್ಲಿ, ಹಿಡಿದರು. ಅದಕ್ಕೂ ಮೇಲಿನ ಲ್ಹೋತ್ಸೆ ಮುಖದ ಹಿಮಗೋಡೆ, ದಕ್ಷಿಣ ಕೋಲ್ ಮೊದಲಾದೆಡೆಗಳ ದೃಶ್ಯಗಳನ್ನು ತೆಗೆದವರು ಪರ್ವತಾರೋಹಿಯೇ ಆದ ನ್ಯೂಜಿಲೆಂಡಿನ ಜಾರ್ಜ್ ಲೋವ್. ವೃತ್ತಿಯಿಂದ ಅವರು ಪ್ರಾಥಮಿಕ ಶಾಲೆಯ ಮಾಸ್ತರರು. ಈ ಮಾತು ಇಲ್ಲಿಯ ಗುರುಗಳಿಗೆ ಸಂತೋಷ ತರಬಹುದು. ಪ್ರಾಣವಾಯು ಸಾಲದ ಆ ಎತ್ತರದಲ್ಲಿ ಒಂದು ಹೆಜ್ಜೆಗೆ ಹಲವು ಉಸಿರು ಬೇಕಾಗುವಾಗ, ನಿಂತು ಯಂತ್ರಕ್ಕೆ ಚಾವಿ ಕೊಟ್ಟು, ಅಲುಗದೆ ಹಿಡಿಯುವುದೆಂದರೆ ಏನೆಂಬುದನ್ನು ಊಹಿಸಿಕೊಳ್ಳಬೇಕು.

ಮೇ 29ರಂದು ತೇನ್‌ಸಿಂಗ್ ಮತ್ತು ಹಿಲರಿ ಶಿಖರದ ಮೇಲೆ ಹದಿನೈದು ನಿಮಿಷ ಇದ್ದರು. ಅಲ್ಲಿ ಚಲಚ್ಚಿತ್ರ ಯಂತ್ರವಿರಲಿಲ್ಲ. ಹಿಲರಿಯವರ ಕೈಯಲ್ಲಿದ್ದುದು ಸ್ಥಿರಚಿತ್ರದ ಕ್ಯಾಮೆರಾ. ತೇನ್‌ಸಿಂಗರು ಧ್ವಜ ಕಟ್ಟಿದ ಹಿಮಗೊಡಲಿಯನ್ನು ಎತ್ತಿ ನಿಂತ ಚಿತ್ರ ಅದರಿಂದಲೇ ಬಂದದ್ದು. ಚಲಚ್ಚಿತ್ರಕ್ಕೆ ದೊರೆತುದು ಮರುದಿನದ ಘಳಿಗೆ. ಕೆಳಗಿನ ಶಿಬಿರದಲ್ಲಿ ಎಲ್ಲರೂ ಉಸಿರು ಬಿಗಿಹಿಡಿದು ಕಾಯುತ್ತಿದ್ದಾರೆ, ಮೇಲಿನಿಂದ ಇಳಿದು ಬರುವವರ ನಡಿಗೆಯಲ್ಲಿ ಸೋಲೋ ಗೆಲುವೋ ತಿಳಿಯುತ್ತಿಲ್ಲ. ತೀರ ಹತ್ತಿರ ಬರುವವರೆಗೆ ಯಾವ ಸನ್ನೆಯನ್ನೂ ಕೊಡಬೇಡಿರೆಂದು, ಕಾದವರ ಮುಖದ ಮೇಲಿನ ಭಾವ ತನ್ನ ಯಂತ್ರಕ್ಕೆ ಸಿಕ್ಕಲೆಂದು, ಸ್ಟೋಬಾರ್ಟರು ಕೇಳಿಕೊಂಡಿದ್ದರು. ಕೊನೆಗೆ ಲೋವ್ ತಮ್ಮ ಹಿಮಗೊಡಲಿಯನ್ನು ಶಿಖರದ ಕಡೆಗೆ ಚುಚ್ಚಿ ಚುಚ್ಚಿ ತೋರಿಸಿದಾಗ ಕೆಳಗಿದ್ದವರು ಹಿಮದಲ್ಲಿ ಎಡವುತ್ತ ಓಡಿದರು. ಮುಖಂಡರಾದ ಹಂಟರು ತಮ್ಮಂಥವರು ಅಳಬಾರದೆಂಬುದನ್ನು ಮರೆತರು. ಒಂದು ದೃಶ್ಯಕ್ಕಾಗಿ ಗೆಳೆಯರನ್ನು ಇಷ್ಟು ಹೊತ್ತು ಸಂಕಟದಲ್ಲಿಡುವುದು ನ್ಯಾಯವೇ? ನಾವು ಹಲವು ಸಲ ಇದನ್ನು ಚರ್ಚಿಸಿದ್ದೇವೆ. ನಮ್ಮಲ್ಲಿ ಕೆಲವರು ಅದು ಕ್ರೌರ್ಯವೆನ್ನುತ್ತಾರೆ. ಎಪ್ಪತ್ತು ವರ್ಷಗಳ ಅನಂತರವೂ ಆ ಮುಖಗಳನ್ನು ನೋಡುವಾಗ ನಮ್ಮ ಕಣ್ಣು ಹನಿಯುವುದರಿಂದ ನಾವು ಸ್ಟೋಬಾರ್ಟರ ಪಕ್ಷವನ್ನು ವಹಿಸುತ್ತೇವೆ. ಈ ಚಿಕ್ಕ ಫಿಲ್ಮನ್ನು ಚಿತ್ರಮಂದಿರದ ಫಿಲ್ಮಿಗೆ ಹಿಗ್ಗಿಸಿ ಅದೇ ವರ್ಷ ಲೋಕಕ್ಕೆಲ್ಲ ತೋರಿಸಿದರು.

1924ರಲ್ಲಿ ಅದೇ ಪರ್ವತದ ಇನ್ನೊಂದು ಮಗ್ಗುಲಲ್ಲಿ ಜಾನ್ ನೋಯೆಲರ ದೊಡ್ಡ ಯಂತ್ರಕ್ಕೆ ಸಿಕ್ಕಿದ್ದು ಇದರ ವಿಪರೀತ. ಮ್ಯಾಲರಿ ಮತ್ತು ಇರ್ವಿನ್ ಮರಳಲಿಲ್ಲ. ಮೇಲಿನ ಶಿಬಿರದವರು ಹಿಮದ ಮೇಲೆ ಕಂಬಳಿಗಳನ್ನು ಶಿಲುಬೆಯಾಕಾರದಲ್ಲಿ ಹಾಸಿ ಆಸೆಯಿಲ್ಲವೆಂಬ ಸಂಕೇತ ಮಾಡಿದುದನ್ನು ನೋಯೆಲ್ ದೂರದಿಂದ ಉದ್ದಮಸೂರದಲ್ಲಿ ಚಿತ್ರಿಸಿದರು. ಇರ್ವಿನ್ನರ ಪಾದ, ಹೆಸರು ಹೊಲಿದ ಕಾಲುಚೀಲದೊಡನೆ, ನೂರು ವರ್ಷಗಳ ಮೇಲೆ, 2024ರ ಸೆಪ್ಟೆಂಬರಿನಲ್ಲಿ ಹಿಮನದಿಯಲ್ಲಿ ದೊರೆಯಿತು. ಅವರೊಡನೆ ಹೋಗಿದ್ದ ಪುಟ್ಟ ಸ್ಥಿರಚಿತ್ರ ಕ್ಯಾಮೆರಾ ಇಂದಿಗೂ ದೊರೆತಿಲ್ಲ. ಹಿಮದಲ್ಲಿ ಹೂತಿದ್ದರೆ ಅದರೊಳಗಿನ ಚಿತ್ರ ಉಳಿದಿರಬಹುದೆಂದು ತಿಳಿದವರು ಹೇಳುತ್ತಾರೆ, ಏಕೆಂದರೆ ಫಿಲ್ಮಿಗೆ ಚಳಿ ಕಾವಲುಗಾರ.

ನಮ್ಮ ದೇಶದ ಯಾತ್ರೆಗೆ ಬಂದರೆ, 1965ರ ಮೇ ತಿಂಗಳಲ್ಲಿ ಕೊಹ್ಲಿಯವರ ನಾಯಕತ್ವದ ತಂಡದಿಂದ ಒಂಬತ್ತು ಜನ ಶಿಖರವನ್ನು ಮುಟ್ಟಿದರು. ಈ ಯಾತ್ರೆಯ ಚಿತ್ರವನ್ನು ಫಿಲ್ಮ್ಸ್ ಡಿವಿಜನ್ನಿನವರು ಸಿದ್ಧಪಡಿಸಿದರು. ಆ ಕಾಲದಲ್ಲಿ ಚಿತ್ರಮಂದಿರಗಳಲ್ಲಿ ಕಥಾಚಿತ್ರಕ್ಕೆ ಮೊದಲು ಅವರ ಸಾಕ್ಷ್ಯಚಿತ್ರವನ್ನು ತೋರಿಸಲೇಬೇಕಾಗಿತ್ತು. ಕೊನೆಯ ತಂಡದಲ್ಲಿ ಮೇ 29ರಂದು ಶಿಖರವೇರಿದವರು ಫು ದೋರ್ಜಿ, ಹರೀಶಚಂದ್ರ ರಾವತ್ ಮತ್ತು ಮೇಜರ್ ಅಹ್ಲುವಾಲಿಯಾ. ಅದೇ ವರ್ಷ ಪಾಕಿಸ್ತಾನದೊಡನೆ ಯುದ್ಧವಾದಾಗ ಅಹ್ಲುವಾಲಿಯಾರ ಬೆನ್ನುಹುರಿಗೆ ಗುಂಡು ತಗುಲಿತು. ಲೋಕದ ತುದಿಯನ್ನು ಮೆಟ್ಟಿದ ಕಾಲುಗಳು ಕೆಲವೇ ತಿಂಗಳಲ್ಲಿ ಶಾಶ್ವತವಾಗಿ ನಿಂತವು. ಅವರು ಗಾಲಿಕುರ್ಚಿಯಲ್ಲಿಯೇ ಕುಳಿತು ದಿಲ್ಲಿಯಲ್ಲಿ ಬೆನ್ನುಹುರಿಯ ರೋಗಿಗಳಿಗಾಗಿ ದೊಡ್ಡ ಆಸ್ಪತ್ರೆಯನ್ನು ಕಟ್ಟಿಸಿ, 2022ರ ಜನವರಿಯಲ್ಲಿ ತೀರಿಕೊಂಡರು. ಆ ಯಾತ್ರೆಯ ಚಿತ್ರದಲ್ಲಿ ತರುಣರು ಸಾಲಾಗಿ ಹಿಮದಲ್ಲಿ ಹೆಜ್ಜೆ ಹಾಕುವುದನ್ನು ನೋಡುವಾಗ ನಮಗೆ ಪರ್ವತಕ್ಕಿಂತ ಹೆಚ್ಚಾಗಿ ಆ ಹೆಜ್ಜೆಗಳೇ ಕಾಣಿಸುತ್ತವೆ.

ಈ ಮಾತು ನಮ್ಮನ್ನು ನಮ್ಮೂರಿಗೆ ಮರಳಿ ತರುತ್ತದೆ. ಸೋಲಾಪುರ, ಅಕ್ಕಲಕೋಟೆ, ಮಂಗಳವೇಢೆಗಳ ಕೆಲವು ಮನೆಗಳಲ್ಲಾದರೂ, ಮದುವೆಯದೋ, ಜಾತ್ರೆಯದೋ, ಸೈನ್ಯದಲ್ಲಿದ್ದ ಚಿಕ್ಕಪ್ಪ ಕಾಶ್ಮೀರದಲ್ಲಿ ತೆಗೆಸಿದುದೋ, ಒಂದು 8 ಮಿಲಿಮೀಟರ್ ಸುರುಳಿ ತಗಡಿನ ಪೆಟ್ಟಿಗೆಯಲ್ಲಿರುವ ಸಂಭವವಿದೆ. ಹಿಮ ಫಿಲ್ಮನ್ನು ಕಾಯುತ್ತದೆ, ನಮ್ಮ ಬಿಸಿಲು ಅದನ್ನು ತಿನ್ನುತ್ತದೆ. ಚಿಕ್ಕ ಫಿಲ್ಮುಗಳಲ್ಲಿ ಹೆಚ್ಚಿನವು ಬೆಂಕಿಗೆ ಹೆದರದ ಎಸಿಟೇಟ್ ಎಂಬ ಹಾಳೆಯ ಮೇಲೆ ಮಾಡಿದವು. ಇಪ್ಪತ್ತೊಂದು ಡಿಗ್ರಿಯ ತಂಪಿನಲ್ಲಿ ಇಟ್ಟರೂ ಅದು ಸುಮಾರು ನಾಲ್ವತ್ತು ಐವತ್ತು ವರ್ಷಗಳಿಗೆ ಕೊಳೆಯತೊಡಗಿ, ಒಳಗಿನಿಂದ ಆಮ್ಲವನ್ನು ಬಿಡುತ್ತದೆ. ಆ ಆಮ್ಲವೇ ಮತ್ತೆ ಕೊಳೆಯುವುದನ್ನು ತ್ವರೆಗೊಳಿಸುತ್ತದೆ. ನಲ್ವತ್ತು ಡಿಗ್ರಿ ದಾಟುವ ನಮ್ಮ ಪತ್ರಾಸಿನ ಮನೆಗಳಲ್ಲಿ ಅಷ್ಟು ಕಾಲ ಎಲ್ಲಿಯದು!

ಆದ್ದರಿಂದ ತಾವು ಮನೆಗೆ ಹೋಗಿ ಅಟ್ಟವನ್ನು ನೋಡಬೇಕು. ಸುರುಳಿ ಸಿಕ್ಕರೆ ಡಬ್ಬಿಯನ್ನು ತೆರೆದು ಮೂಸಿ ನೋಡಿ. ಉಪ್ಪಿನಕಾಯಿಗೆ ಹಾಕುವ ವಿನೆಗರಿನ ವಾಸನೆ ಬಂದರೆ ಕೊಳೆ ಹತ್ತಿದೆಯೆಂದೇ ಅರ್ಥ. ಅದನ್ನು ಉಳಿದ ಸುರುಳಿಗಳಿಂದ ಬೇರೆ ಇಡಬೇಕು. ಮನೆಯಲ್ಲಿಯ ಹಳೆಯ ಪ್ರೊಜೆಕ್ಟರಿಗೆ ಹಾಕಿ ಓಡಿಸುವ ಕುತೂಹಲ ಬೇಡ. ಸಂಕುಚಿತವಾದ ಫಿಲ್ಮು ಹಲ್ಲಿಗೆ ಸಿಕ್ಕಿ ಹರಿದುಹೋಗುತ್ತದೆ, ದೀಪದ ಕಾವಿಗೆ ಸುಡುತ್ತದೆ. ಬಿಸಿಲು ತಾಗದ, ತಂಪಾದ, ಒಣ ಜಾಗದಲ್ಲಿ ಮಲಗಿಸಿಡಿ, ನೆಟ್ಟಗೆ ನಿಲ್ಲಿಸಬೇಡಿ. ಡಬ್ಬಿಯ ಮೇಲೆ ಯಾರು, ಎಲ್ಲಿ, ಯಾವ ವರ್ಷ ಎಂಬುದನ್ನು, ಹೇಳಬಲ್ಲ ಹಿರಿಯರು ಇರುವಾಗಲೇ ಕೇಳಿ ಬರೆದಿಡಿ. ಪುಣೆಯಲ್ಲಿ 1964ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಚಲಚ್ಚಿತ್ರ ಸಂಗ್ರಹಾಲಯವಿದೆ, ನಮ್ಮಿಂದ ಅದು ಒಂದು ಹಗಲಿನ ದಾರಿ. ಫಿಲ್ಮಿನ ಒಂದೊಂದು ಚೌಕವನ್ನೂ ಬೆಳಕಿನಿಂದ ಓದಿ ಗಣಕಯಂತ್ರಕ್ಕೆ ಇಳಿಸುವ ಸಾಧನಗಳು ಈಗ ಬಂದಿವೆ.

ಹೊಸದಾಗಿ ತೆಗೆಯುವ ಉತ್ಸಾಹವಿರುವ ತರುಣರಿಗೂ ದಾರಿ ಮುಚ್ಚಿಲ್ಲ. ಜೆಕ್ ದೇಶದ ಫೋಮಾ ಕಂಪನಿ 8 ಮಿಲಿಮೀಟರಿನ ಕಪ್ಪು–ಬಿಳುಪು ಸುರುಳಿಯನ್ನು ಮಾಡುತ್ತ ಬಂದಿದೆ, ಕೊಡಾಕಿನವರು 2018ರಲ್ಲಿ ಎಕ್ಟಾಕ್ರೋಮ್ ಎಂಬ ಬಣ್ಣದ ಫಿಲ್ಮನ್ನು ಮತ್ತೆ ಹೊರತಂದರು. ಬೆಲೆ ಮಾತ್ರ ಕಡಿಮೆಯಲ್ಲ. ಮೊದಲನೆಯ ಸುರುಳಿಯನ್ನು ಹಿಮಾಲಯಕ್ಕೆ ಒಯ್ಯದೆ ನಮ್ಮೂರ ದನದ ಪೇಟೆಯಲ್ಲಿ ಬಿಳಿಯ ಎತ್ತುಗಳ ಮೇಲೆ ಖರ್ಚುಮಾಡಿರೆಂದು ನಮ್ಮ ಸೂಚನೆ.

ಅಧ್ಯಕ್ಷರು ಗಡಿಯಾರದ ಕಡೆಗೆ ನೋಡುತ್ತಿದ್ದಾರೆ. ಹೊರಗಿನ ಪಡಸಾಲೆಯ ಮೇಜಿನ ಮೇಲೆ ನಾವು ತಂದ ಬೋಲೆಕ್ಸ್ ಯಂತ್ರವನ್ನು ಇರಿಸಿದ್ದೇವೆ. ಅದರೊಳಗೆ ಫಿಲ್ಮಿಲ್ಲ. ವಿದ್ಯಾರ್ಥಿಗಳು ಸಾಲಾಗಿ ಬಂದು ಚಾವಿ ಕೊಟ್ಟು ನೋಡಬಹುದು. ತಡೆದಲ್ಲಿಗೆ ನಿಲ್ಲಿಸಬೇಕು, ಒತ್ತಾಯ ಮಾಡಬಾರದು, ಮಸೂರದ ಗಾಜಿಗೆ ಬೆರಳು ತಾಗಿಸಬಾರದು.